ಬಳ್ಳ

ಇಟಗಿಗೆ ಹೋಗುತ್ತೇನೆ ಎಂದರೆ ನಮ್ಮ ಕಡೆಯವರು ಮೊದಲು ಕೇಳುವುದು "ಯಾವ ಇಟಗಿ?" ಎಂದು. ಭೀಮವ್ವನ ಇಟಗಿ ಒಂದು. ಅದು ಗದಗ ಜಿಲ್ಲೆಯಲ್ಲಿದೆ. ಮಹಾದೇವನ ಇಟಗಿ ಇನ್ನೊಂದು. ಅದು ಕೊಪ್ಪಳ ಜಿಲ್ಲೆಯದು, ನಾನು ಹುಟ್ಟಿದ ಊರು. ಎಂಬತ್ತು ವರ್ಷ ಈ ಪ್ರಶ್ನೆಗೆ ಉತ್ತರ ಹೇಳಿಕೊಂಡು ಬಂದವನಿಗೆ, ಬಸ್ಸಿನ ಡ್ರೈವರನಿಗೂ ಅದನ್ನೊಂದು ಸಲ ಹೇಳಿಡಬೇಕೆಂದು ಮಾತ್ರ ಹೊಳೆಯಲಿಲ್ಲ. 2025ರ ಜನವರಿ 2ರ ಬೆಳಿಗ್ಗೆ ಇಪ್ಪತ್ತಾರು ಮಂದಿ ಹುಡುಗ ಹುಡುಗಿಯರನ್ನೂ ಅವರ ಹಾಡಿನ ಮೇಡಮ್ಮನನ್ನೂ ನನ್ನನ್ನೂ ಹೊತ್ತು ಹೊಸಪೇಟೆಯಿಂದ ಹೊರಟ ಬಸ್ಸು ಕುಕನೂರಿನಲ್ಲಿ ತಿರುಗುವುದನ್ನು ಬಿಟ್ಟು ನೆಟ್ಟಗೆ ಮುಂದೆ ಹೋಯಿತು. ನಾನು ಮುಂದಿನ ಸೀಟಿನಲ್ಲಿ ಹಿಂದಕ್ಕೆ ತಿರುಗಿ ಕುಳಿತು ಚಾಲುಕ್ಯ ಶಿಲ್ಪದ ಮೇಲೆ ಉಪನ್ಯಾಸ ಮಾಡುತ್ತಿದ್ದೆ. ಗಜೇಂದ್ರಗಡದ ಹೆಸರಿನ ಫಲಕ ಕಂಡಾಗ ಉಪನ್ಯಾಸ ನಿಂತಿತು. ಡ್ರೈವರ್ ತನ್ನ ಮೊಬೈಲು ತೋರಿಸಿ, "ಇಟಗಿ ಅಂತನ ಹಾಕೀನಲ್ರೀ ಸರ್" ಎಂದ. ಅವನದೇನೂ ತಪ್ಪಿಲ್ಲ. ಇಟಗಿಗೇ ಕರೆದುಕೊಂಡು ಹೋಗುತ್ತಿದ್ದ.

ಒಂದೂವರೆ ಗಂಟೆ ಹೋಯಿತು. ಬೇರೆ ದಿನವಾಗಿದ್ದರೆ ನಕ್ಕು ಮರೆಯಬಹುದಾಗಿತ್ತು. ಅದು ಆ ಮಕ್ಕಳ ಪ್ರವಾಸದ ಕೊನೆಯ ದಿನ. ರಾತ್ರಿ ಕೊಪ್ಪಳದಲ್ಲಿ ಹಂಪಿ ಎಕ್ಸ್‌ಪ್ರೆಸ್ ಹಿಡಿಯಬೇಕು. ಬೆಂಗಳೂರು ಮುಟ್ಟಿದರೆ ಆಮೇಲೆ ವಿಮಾನ, ಇಂಗ್ಲೆಂಡು.

ಇವರು ಯಾರು, ಇವರಿಗೂ ನನಗೂ ಏನು ಸಂಬಂಧ ಎಂಬುದನ್ನು ಹೇಳದೆ ಮುಂದೆ ಹೋದರೆ ಓದುಗರು ಕ್ಷಮಿಸಲಾರರು. ಇಟಗಿಯಲ್ಲಿರುವವಳು ನನ್ನ ಅಕ್ಕ. ನನಗಿಂತ ಆರು ವರ್ಷ ದೊಡ್ಡವಳು, ಈಗ ಎಂಬತ್ತಾರು. ಅವಳನ್ನು ಊರಲ್ಲೇ ಕೊಟ್ಟಿತ್ತು. ಇಂದಿಗೂ ಅದೇ ಮಣ್ಣಿನ ಮಾಳಿಗೆಯ ಮನೆಯಲ್ಲಿದ್ದಾಳೆ. ಅವಳಿಗೆ ಒಬ್ಬಳೇ ಮಗಳು. 1998ರಲ್ಲಿ ಅಳಿಯನಿಗೆ ಇಂಗ್ಲೆಂಡಿನಲ್ಲಿ ಕೆಲಸವಾಯಿತು. ಅಕ್ಕ ಮಗಳನ್ನು ಕಳಿಸುವುದಿಲ್ಲವೆಂದು ಹಟ ಹಿಡಿದು ಎರಡು ದಿನ ಊಟ ಬಿಟ್ಟಳು. ಧಾರವಾಡದಲ್ಲಿ ಕನ್ನಡ ಮಾಸ್ತರನಾಗಿದ್ದ ನನ್ನನ್ನು ಕರೆಸಿದರು. ಮಾತಿನಿಂದ ಮಂದಿಯನ್ನು ಒಪ್ಪಿಸುವುದರಲ್ಲಿ ನನಗೆ ಹೆಸರಿತ್ತು. ಅಡಿಗೆಮನೆಯ ಹೊಸ್ತಿಲ ಮೇಲೆ ಕುಳಿತು, "ಎರಡ ವರ್ಷ ಅಕ್ಕಾ. ಬರೇ ಎರಡ ವರ್ಷದ ಕರಾರು. ಮೂರನೇ ವರ್ಷದ ಎಳ್ಳಮಾಸಿಗೆ ನಿನ್ನ ಮಗಳು ನಿನ್ನ ಹೊಲದಾಗ ಚರಗ ಚೆಲ್ಲತಾಳ, ನೋಡ್ತಿರು" ಎಂದೆ.

ಎರಡು ವರ್ಷವೆಂದು ನನಗೆ ಯಾರೂ ಹೇಳಿರಲಿಲ್ಲ. ಅವಳ ಅಳು ನಿಲ್ಲಿಸಲು ಒಂದು ಅಂಕಿ ಬೇಕಾಗಿತ್ತು. ಬಾಯಿಗೆ ಬಂದ ಅಂಕಿಯನ್ನು ಹೇಳಿಬಿಟ್ಟೆ. ಇಪ್ಪತ್ತಾರು ವರ್ಷದಲ್ಲಿ ಮಗಳು ನಾಲ್ಕು ಸಲ ಬಂದು ಹೋದಳು, ಎಳ್ಳಮಾವಾಸ್ಯೆಗೆ ಒಮ್ಮೆಯೂ ಅಲ್ಲ. ಅಕ್ಕ ನನ್ನನ್ನು ಒಂದು ಮಾತೂ ಅಂದವಳಲ್ಲ. ಆದರೆ ಪ್ರತಿ ಎಳ್ಳಮಾಸಿಯ ಸಂಜೆ ಫೋನು ಮಾಡುತ್ತಾಳೆ. "ಚರಗ ಚೆಲ್ಲಿ ಬಂದ್ವಿ" ಎನ್ನುತ್ತಾಳೆ. ಆಮೇಲೆ ಸ್ವಲ್ಪ ಹೊತ್ತು ಏನೂ ಅನ್ನುವುದಿಲ್ಲ. ಆಮೇಲೆ ಫೋನು ಇಡುತ್ತಾಳೆ.

ಆ ಮಗಳ ಮಗಳು ಈ ಮೇಳದಲ್ಲಿದ್ದಳು. ಹದಿನೇಳು ವರ್ಷ. ಮೂರು ವರ್ಷದ ಕೂಸಾಗಿದ್ದಾಗ ಒಂದು ಸಲ ಬಂದು, ಎಮ್ಮೆಯನ್ನು ಕಂಡು ಕಿರುಚಿಕೊಂಡವಳು. ಈಗ ಆ ದೇಶದ ಒಂದು ಊರಿನ ಹುಡುಗರ ಗಾಯನ ಮಂಡಳಿಯಲ್ಲಿ ಹಾಡುತ್ತಾಳೆ. ಅದರಲ್ಲಿ ನಮ್ಮವರು ಮೂವರೋ ನಾಲ್ವರೋ ಅಷ್ಟೆ. ಉಳಿದವರು ಇಂಗ್ಲಿಷರು, ಗುಜರಾತಿಗಳು, ಒಬ್ಬ ಪೋಲಿಷ್ ಹುಡುಗ, ಇಬ್ಬರು ನೈಜೀರಿಯದವರ ಮಕ್ಕಳು. ಕ್ರಿಸ್‌ಮಸ್ ರಜೆಯಲ್ಲಿ ಬೆಂಗಳೂರು, ಮೈಸೂರು, ಧಾರವಾಡ, ಗದಗ, ಹಂಪಿ ಎಂದು ಹನ್ನೆರಡು ದಿನದ ಕಚೇರಿ ಪ್ರವಾಸ. ಧಾರವಾಡದಿಂದ ಮುಂದೆ ದಾರಿ ತೋರಿಸುವ ಕೆಲಸ ನನ್ನ ಪಾಲಿಗೆ ಬಂತು. ಕೊನೆಯ ದಿನ ಇಟಗಿ ಎಂದು ಸೇರಿಸಿದವನೂ ನಾನೇ.

ಇವರ ಹಾಡುಗಾರಿಕೆ ನಮ್ಮ ಕಿವಿಗೆ ಕೂಡಲೆ ಒಗ್ಗುವಂಥದಲ್ಲ. ನಮ್ಮಲ್ಲಿ ನೂರು ಮಂದಿ ಭಜನೆಗೆ ಕುಳಿತರೂ ರಾಗ ಒಂದೇ, ದಾರಿ ಒಂದೇ. ಮುಂದಾಳು ಅಂದದ್ದನ್ನು ಹಿಂದಿನವರು ಅನ್ನುತ್ತಾರೆ. ಅವರಲ್ಲಿ ಹಾಗಲ್ಲ. ಹೆಣ್ಣುದನಿಯಲ್ಲಿ ಎತ್ತರದ್ದೊಂದು, ತಗ್ಗಿನದೊಂದು, ಗಂಡುದನಿಯಲ್ಲಿ ಹಾಗೆಯೇ ಎರಡು, ಹೀಗೆ ನಾಲ್ಕು ಗುಂಪು. ನಾಲ್ಕಕ್ಕೂ ಬೇರೆ ಬೇರೆ ಸ್ವರಪಂಕ್ತಿ ಬರೆದಿರುತ್ತದೆ. ಎಲ್ಲ ಒಟ್ಟಿಗೆ ಹೊರಟು, ಅಗಲಿ, ಮತ್ತೆ ಕೂಡುತ್ತವೆ. ಒಬ್ಬೊಬ್ಬರದನ್ನೇ ಬಿಡಿಸಿ ಕೇಳಿದರೆ ಇದೂ ಒಂದು ಹಾಡೇ ಎನಿಸುತ್ತದೆ; ಕೂಡಿಸಿ ಕೇಳಿದರೆ ಗೋಡೆ ಎದ್ದಹಾಗೆ. ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮಕ್ಕೆ ಅವರನ್ನು ಕರೆದೊಯ್ದೆ. ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದ ಶಿಷ್ಯರನ್ನು ಕಟ್ಟಿಕೊಂಡು ಊರೂರು ಸುತ್ತುತ್ತಲೇ ಸಂಗೀತ ಕಲಿಸಿದರು, ನಮ್ಮ ಕಡೆಯ ಹಾಡುವ ಮಕ್ಕಳ ಪ್ರವಾಸವೆಂದರೆ ಅದು, ಎಂದು ಹೇಳಿದೆ. 1944ರಲ್ಲಿ ಅವರು ತೀರಿದ ಮೇಲೆ ಪುಟ್ಟರಾಜ ಗವಾಯಿಗಳು 2010ರವರೆಗೆ ಅದನ್ನು ನಡೆಸಿದ್ದನ್ನೂ ಹೇಳಿದೆ. ಮೇಡಮ್ಮ ಬಹಳ ಹೊತ್ತು ಸುಮ್ಮನಿದ್ದು, "ಸ್ವರ ಬರೆದ ಕಾಗದವಿಲ್ಲದೆ?" ಎಂದು ಕೇಳಿದಳು. ಕಣ್ಣೇ ಇಲ್ಲದವರಿಗೆ ಕಾಗದವೇಕೆ ಎಂದೆ. ಮರುದಿನದ ಕಚೇರಿಯಲ್ಲಿ ಅವಳು ಮಕ್ಕಳ ಕೈಯಿಂದ ಕಾಗದಗಳನ್ನು ಕಿತ್ತುಕೊಂಡಳು. ಅಂದು ಸ್ವಲ್ಪ ಎಡವಿದರೆನ್ನಿ, ಆದರೆ ಚೆನ್ನಾಗಿತ್ತು.

ಈ ಮೇಡಮ್ಮನ ವಿಚಾರ ಒಂದು ಮಾತು. ಅವಳು ಇಂಗ್ಲಿಷಳಲ್ಲ, ವೇಲ್ಸಿನವಳು. ಗಣಿ ಕೆಲಸದವರೂ ಸಾಲಾಗಿ ನಿಂತು ನಾಲ್ಕು ದನಿಯಲ್ಲಿ ಹಾಡುವ ನಾಡು ಅದು. ಅಲ್ಲಿನ ಲಾಂಗೊಲೆನ್ ಎಂಬ ಸಣ್ಣ ಊರಿನಲ್ಲಿ 1947ರಿಂದ ಜಗತ್ತಿನ ಮೇಳಗಳೆಲ್ಲ ಬಂದು ಸೇರುವ ಸಂಗೀತೋತ್ಸವ ನಡೆಯುತ್ತದೆ. ಅವರಿಗೆ ಇಂಗ್ಲಿಷಿನ ಮಗ್ಗುಲಲ್ಲಿ ತಮ್ಮದೇ ಒಂದು ಭಾಷೆಯೂ ಉಂಟು. ಇದು ಮುಂದೆ ಉಪಯೋಗಕ್ಕೆ ಬರುತ್ತದೆ.

ಅವರ ಕಾರ್ಯಕ್ರಮದಲ್ಲಿ ಒಂದು ಕನ್ನಡ ಹಾಡಿತ್ತು. ಬೀಸುವ ಪದ. ನಮ್ಮ ಅವ್ವ ಹೇಳುತ್ತಿದ್ದುದು. ಅವ್ವನಿಂದ ಅಕ್ಕನಿಗೆ, ಅಕ್ಕನಿಂದ ಮಗಳಿಗೆ ಬಂದದ್ದು. ಮಗಳು ಆ ದೇಶದಲ್ಲಿ ಬೀಸುವ ಕಲ್ಲಿಲ್ಲದೆ ಕೂಸಿನ ತೊಟ್ಟಿಲು ತೂಗುತ್ತ ಅದನ್ನು ಹಾಡಿದಳು. ಕೂಸು ಬೆಳೆದು ಒಂದು ದಿನ ಮೇಳದ ಕೋಣೆಯಲ್ಲಿ ಗುನುಗುತ್ತಿದ್ದುದನ್ನು ಮೇಡಮ್ಮ ಕೇಳಿ, ನಾಲ್ಕು ದನಿಗೆ ಹೊಂದಿಸಿದಳು. ಮಾತು ಸರಿಯಿದೆಯೇ ನೋಡಿ ಎಂದು ನನಗೆ ಕಳಿಸಿಕೊಟ್ಟರು. ತವರಿಂದ ಗಂಡನ ಮನೆಗೆ ಹೊರಟ ಮಗಳಿಗೆ ತಾಯಿ ಉಡಿ ತುಂಬಿ ಕಳಿಸುವ ಪದ ಅದು. ತಾಯಿ ಮತ್ತೆ ಮತ್ತೆ 'ಬೆಲ್ಲ' ತುಂಬುತ್ತಾಳೆ ಎಂದು ಬರೆದಿತ್ತು. ಉಡಿಯಲ್ಲಿ ಬೆಲ್ಲ ಕೊಬ್ಬರಿ ಇರುವುದೇ ಅಲ್ಲವೆ? 'ಸರಿಯಿದೆ' ಎಂದು ಬರೆದು, ಮೂವತ್ತನಾಲ್ಕು ವರ್ಷ ಉತ್ತರಪತ್ರಿಕೆಗಳ ಮೇಲೆ ಹಾಕಿದ ಅದೇ ಸಹಿಯನ್ನು ಹಾಕಿದೆ. ಕಾರ್ಯಕ್ರಮದ ಹಾಳೆಯಲ್ಲಿ ಇಂಗ್ಲಿಷ್ ಅರ್ಥವೂ ಅಚ್ಚಾಯಿತು.

ಬಸ್ಸು ಇಟಗಿ ಮುಟ್ಟಿದಾಗ ಹನ್ನೆರಡು ದಾಟಿತ್ತು. ಎರೆಹೊಲದಲ್ಲಿ ಜೋಳ ಎದೆಯುದ್ದ ನಿಂತಿತ್ತು. ನಮ್ಮೂರ ಮಹಾದೇವ ದೇವಾಲಯವನ್ನು 1112ರಲ್ಲಿ ಕಟ್ಟಿಸಿದವನು ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ. ಅವನ ಹೆಸರೂ ಮಹಾದೇವ. ಅಲ್ಲಿಯ ಶಾಸನ ಈ ಗುಡಿಯನ್ನು 'ದೇವಾಲಯ ಚಕ್ರವರ್ತಿ' ಎಂದು ಕರೆದಿದೆ. ಬಡಾಯಿ ಎನ್ನುವವರು ಒಂದು ಸಲ ಬಂದು ಆ ಮುಖಮಂಟಪದ ಕಂಬಗಳನ್ನು ನೋಡಬೇಕು. ಬಳಪದ ಕಲ್ಲು, ಕಡೆದಿರುವ ರೀತಿಗೆ ಕಟ್ಟಿಗೆಯೋ ಲೋಹವೋ ಎಂಬ ಅನುಮಾನ ಬರುತ್ತದೆ. ಎದುರಿಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಪುಷ್ಕರಣಿ. ಹುಡುಗಿಯರಿದ್ದಾಗ ಅಕ್ಕ ಮತ್ತು ಅವಳ ಗೆಳತಿಯರು ಈ ಕಂಬಗಳ ನಡುವೆ ಕಣ್ಣುಮುಚ್ಚಾಲೆ ಆಡುತ್ತಿದ್ದರು. ನಾನು ಸಣ್ಣವನೆಂದು ಆಟಕ್ಕೆ ಸೇರಿಸುತ್ತಿರಲಿಲ್ಲ.

ಮಕ್ಕಳು ಮಂಟಪದಲ್ಲಿ ಸಾಲುಗಟ್ಟಿದರು. ಕಾವಲುಗಾರ ಬಂದು ವಿನಯದಿಂದಲೇ ಕೇಳಿದ: "ಕಾರ್ಯಕ್ರಮಕ್ಕ ಪರವಾನಗಿ ಕಾಗದ ಐತೇನ್ರಿ?" ಇರಲಿಲ್ಲ. ಸಂರಕ್ಷಿತ ಸ್ಮಾರಕದೊಳಗೆ ಕಚೇರಿ ಮಾಡಲು ಮೊದಲೇ ಬರೆದು ಅಪ್ಪಣೆ ಪಡೆಯಬೇಕೆಂಬುದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. "ನಮ್ಮೂರ ಗುಡಿ, ಯಾರು ಕೇಳುತ್ತಾರೆ" ಎಂದು ಮೇಡಮ್ಮನಿಗೆ ಹೇಳಿದ್ದೆ. ಹತ್ತು ತಿಂಗಳ ಹಿಂದೆ ಹೇಳಿದ್ದ ಮಾತು ಅದು. ಆ ಹತ್ತು ತಿಂಗಳಲ್ಲಿ ಒಂದು ಪತ್ರ ಬರೆಯಬಹುದಾಗಿತ್ತು. ಮಕ್ಕಳು ನನ್ನ ಮುಖ ನೋಡಿದರು. ಮೊಮ್ಮಗಳು ಮಾತ್ರ ನೋಡಲಿಲ್ಲ; ಅವಳು ಕಂಬಕ್ಕೆ ಅಂಗೈ ಹಚ್ಚಿ ನಿಂತಿದ್ದಳು. ಕಾವಲುಗಾರನಿಗೇ ಮರುಕ ಬಂದು, "ಊರಾಗ ಎಲ್ಲೆರ ಹಾಡ್ರಿ, ನಾನೂ ಬರತೀನಿ" ಎಂದ.

ಹೀಗೆ ಆ ಪ್ರವಾಸದ ಕೊನೆಯ ಕಚೇರಿ ಚಕ್ರವರ್ತಿಯ ಮಂಟಪದಲ್ಲಿ ಆಗದೆ ಅಕ್ಕನ ಪಡಸಾಲೆಯಲ್ಲಿ ಆಯಿತು.

ದಾರಿಯಲ್ಲಿ ಮೇಡಮ್ಮ, "ಈ ಊರಿನವರು ಪರದೇಶಕ್ಕೆ ಹಾಡಲು ಹೋದದ್ದುಂಟೆ?" ಎಂದಳು. ಉಂಟು ಎಂದೆ. ನಮ್ಮ ಅಪ್ಪ ಹೋಗಿದ್ದರು, ಗದಗಿಗೆ. ಅವಳು ನಕ್ಕಳು, ಗದಗನ್ನು ಅವಳು ನಾಲ್ಕು ದಿನದ ಹಿಂದೆ ನೋಡಿದ್ದಳು. ಆದರೆ ನಾನು ಹೇಳಿದ್ದು ನಿಜ. 1948ರ ಸೆಪ್ಟೆಂಬರಿನವರೆಗೆ ನಮ್ಮೂರು ನಿಜಾಮನ ರಾಜ್ಯದಲ್ಲಿತ್ತು. ಆಚೆಯವರು ನಮ್ಮನ್ನು ಮೊಗಲಾಯಿಯವರು ಎನ್ನುತ್ತಿದ್ದರು. ಗದಗ ಮುಂಬಯಿ ಇಲಾಖೆಯದು. ನಡುವೆ ಗಡಿ, ಗಡಿಯಲ್ಲಿ ಸುಂಕದ ನಾಕಾ, ಈಚೆ ಹಾಲಿ ಸಿಕ್ಕಾ, ಆಚೆ ಕಲದಾರ ರೂಪಾಯಿ. ಸುಮಾರು ನೂರು ವರ್ಷದ ಹಿಂದೆ ಅಪ್ಪ ಹದಿನೈದರ ಹುಡುಗ. ಊರ ಹುಡುಗರ ಭಜನಾ ಮೇಳ ಚಕ್ಕಡಿಯಲ್ಲಿ ಗದಗಿಗೆ ಹೋಯಿತು. ನಾಕಾದವನು ಹಾರ್ಮೋನಿಯಮ್ ಹಿಡಿದ. ಮಾರಲು ಒಯ್ಯುವ ಸಾಮಾನೋ ಬಾರಿಸಲು ಒಯ್ಯುವ ಸಾಮಾನೋ, ಬಾರಿಸಿ ತೋರಿಸಿ ಎಂದ. ಅಪ್ಪ ಬಾರಿಸಿದರು, ಉಳಿದವರು ಹಾಡಿದರು. ಮೂರು ಪದ ಮುಗಿಯುವವರೆಗೆ ಬಿಡಲಿಲ್ಲ. ಪರದೇಶದಲ್ಲಿ ತಮ್ಮ ಮೇಳವನ್ನು ಪೂರ್ತಿ ಕೇಳಿದವನು ಅವನೊಬ್ಬನೇ ಎಂದು ಅಪ್ಪ ಹೇಳುತ್ತಿದ್ದರು. 1947ರಿಂದ ಮುಂದೆ ಅದೇ ಗಡಿಯಲ್ಲಿ ನಗುವ ಸಂಗತಿಗಳು ನಡೆಯಲಿಲ್ಲ. ಅಳವಂಡಿ ಶಿವಮೂರ್ತಿಸ್ವಾಮಿಗಳ ಮುಂದಾಳುತನದಲ್ಲಿ ಮುಂಡರಗಿಯಲ್ಲಿ ಶಿಬಿರ ಕಟ್ಟಿ ನಮ್ಮ ಕಡೆಯ ತರುಣರು ನಿಜಾಮನ ವಿರುದ್ಧ ಹೋರಾಡಿದರು. ಅದು ಬೇರೆಯೇ ಕತೆ, ಬೇರೆಯೇ ಬರೆಯಬೇಕು.

ಅಕ್ಕ ತಲೆಬಾಗಿಲ ಕಟ್ಟೆಯ ಮೇಲೆ ಕುಳಿತಿದ್ದಳು. ಬೆಳಿಗ್ಗೆ ಹತ್ತಕ್ಕೆ ಕುಳಿತವಳಂತೆ. ಒಂದು ಕಣ್ಣಿನ ಪೊರೆ ತೆಗೆಸಿದ್ದಾರೆ, ಇನ್ನೊಂದು ಕಾಣುವುದಿಲ್ಲ. ಇಪ್ಪತ್ತಾರು ಮಂದಿ ಒಮ್ಮೆಲೆ ಬಂದು ನಿಂತಾಗ ಅವಳು ಯಾರನ್ನೂ ಕೇಳದೆ ಮೊಮ್ಮಗಳ ಕೈಯನ್ನೇ ಹಿಡಿದಳು. ಹೇಗೆ ಗೊತ್ತಾಯಿತೆಂದು ಆಮೇಲೆ ಕೇಳಿದ್ದಕ್ಕೆ, "ಆಕಿ ಒಬ್ಬಾಕೀನ ಚಪ್ಪಲಿ ಹೊರಗ ಬಿಟ್ಟು ಬಂದಳು" ಎಂದಳು.

"ಊಟ ಆಯ್ತಾ ಆಯಿ?" ಎಂದಳು ಹುಡುಗಿ. ಹತ್ತು ದಿನದಲ್ಲಿ ಬೆಂಗಳೂರಿನಿಂದ ಕಲಿತುಕೊಂಡ ಕನ್ನಡ.

"ಏನಂತದ ಕೂಸು?" ಎಂದು ಅಕ್ಕ ನನ್ನನ್ನು ಕೇಳಿದಳು. ಉಣ್ಣಲು ಬಂದವರೇ ಉಂಡಿಯಾ ಎಂದು ಕೇಳುವುದು ಅವಳಿಗೆ ತಿಳಿಯಲಿಲ್ಲ.

ಇವರಿಬ್ಬರ ನಡುವೆ ಆಮೇಲೆ ಮಾತಿರಲಿಲ್ಲ. ಕೈ ಬಿಡಲಿಲ್ಲ, ಅಷ್ಟೆ.

ಪಡಸಾಲೆಯಲ್ಲಿ ಮೇಳ ನಿಂತಿತು. ಎತ್ತರದ ಹುಡುಗರು ತೊಲೆ ತಗಲದಂತೆ ತಲೆ ತಗ್ಗಿಸಿಕೊಂಡಿದ್ದರು. ಅಂಗಳದಲ್ಲಿ ಅರ್ಧ ಊರು ಸೇರಿತ್ತು, ಕಾವಲುಗಾರನೂ ಬಂದಿದ್ದ. ಮೊದಲು ಅವರ ದೇಶದ ಎರಡು ಹಾಡು. ಅಕ್ಕ ತಲೆ ಓರೆಮಾಡಿ ಕೇಳುತ್ತಿದ್ದವಳು ನನ್ನ ಕಡೆ ಬಾಗಿ, "ಜಗಳಾಡಿದಂಗ ಅನಸ್ತದ. ಆದರ ಯಾರೂ ಸೋಲೂದಿಲ್ಲ" ಎಂದಳು. ನಾಲ್ಕು ದನಿಯ ಹಾಡಿಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಓದಿಲ್ಲ.

ಆಮೇಲೆ ಬೀಸುವ ಪದ. ಮೊಮ್ಮಗಳು ಒಬ್ಬಳೇ ಎತ್ತಿಕೊಂಡಳು. ಮೊದಲ ನುಡಿಗೆ ಅಕ್ಕ ನೆಟ್ಟಗೆ ಕುಳಿತಳು. ಅವಳ ಬಲಗೈ ತೊಡೆಯ ಮೇಲೆ ಸಣ್ಣಗೆ ಸುತ್ತತೊಡಗಿತು, ಬೀಸುವ ಕಲ್ಲಿನ ಗೂಟ ಹಿಡಿದಹಾಗೆ. ಎರಡನೆಯ ನುಡಿಗೆ ಎಲ್ಲ ದನಿಗಳೂ ಕೂಡಿ 'ಬೆಲ್ಲ'ಕ್ಕೆ ಬಂದವು. ಮೇಡಮ್ಮ ಆ ಶಬ್ದದ ಮೇಲೆ ಬಹಳ ಸೊಗಸಾದ ಹೆಣಿಕೆ ಹೆಣೆದಿದ್ದಳು. ನಾಲ್ಕು ಗುಂಪೂ ಒಂದಾದ ಮೇಲೊಂದು ಬೆಲ್ಲ, ಬೆಲ್ಲ ಎನ್ನುತ್ತವೆ.

ಅಕ್ಕನ ಕೈ ನಿಂತಿತು. "ತಡೀರಿ" ಎಂದಳು.

ಮೇಳ ನಿಂತಿತು. ಹನ್ನೆರಡು ದಿನದಲ್ಲಿ ಯಾರೂ ಅವರನ್ನು ಹಾಡಿನ ನಡುವೆ ನಿಲ್ಲಿಸಿರಲಿಲ್ಲ.

"ಬೆಲ್ಲ ಅಲ್ಲವಾ. ಬಳ್ಳ."

ನನಗೆ ಕಿವಿಯಲ್ಲಿ ಕಾಸಿದ ಎಣ್ಣೆ ಬಿಟ್ಟಂತಾಯಿತು. ಬಳ್ಳ! ಕಾಳು ಅಳೆಯುವ ಬಳ್ಳ. ಅವ್ವ ಬೆಳಗಿನ ಜಾವದಲ್ಲಿ ಹಾಡುತ್ತಿದ್ದಾಗ ಕೌದಿಯೊಳಗಿಂದ ಸಾವಿರ ಸಲ ಕೇಳಿದ್ದೆ. ಮಗಳ ನೆನಪಿನಲ್ಲಿ ಅದು ಮೆಲ್ಲಗೆ ಬೆಲ್ಲವಾಗಿತ್ತು. ಬಳ್ಳವೇ ಇಲ್ಲದ ದೇಶದಲ್ಲಿ ಆಗದೆ ಏನು? ಆದರೆ 'ಸರಿಯಿದೆ' ಎಂದು ಸಹಿ ಹಾಕಿದವನು ಅವಳಲ್ಲ. ಬೆಂಗಳೂರು, ಮೈಸೂರು, ಧಾರವಾಡ, ಗದಗಗಳಲ್ಲಿ ಕನ್ನಡ ಬಲ್ಲ ಸಭಿಕರೆಲ್ಲರೂ ಬೆಲ್ಲಕ್ಕೆ ಚಪ್ಪಾಳೆ ತಟ್ಟಿದ್ದರು ಎಂಬುದೇ ನನಗಿದ್ದ ಸಮಾಧಾನ.

ಅಕ್ಕ ಒಬ್ಬ ಹುಡುಗನನ್ನು ಅಟ್ಟಕ್ಕೆ ಹತ್ತಿಸಿ ಬಳ್ಳ ತರಿಸಿದಳು. ಹಿತ್ತಾಳೆ ಪಟ್ಟಿ ಬಡಿದ ಕಟ್ಟಿಗೆಯದು. ಕಿಲೋಗ್ರಾಮು ಬಂದಂದಿನಿಂದ ಮೂಲೆ ಸೇರಿದ್ದು. ಧೂಳು ಒರೆಸಿ, ಚೀಲದಿಂದ ಜೋಳ ತುಂಬಿದಳು. ಮೇಲೆ ಅಂಗೈ ಆಡಿಸಿ ಮಟ್ಟ ಮಾಡಿ, "ಹಿಂಗ ಮಂದಿಗೆ" ಎಂದಳು. ಸುರಿದು ಮತ್ತೆ ತುಂಬಿದಳು. ಈ ಸಲ ಕೈ ಆಡಿಸಲಿಲ್ಲ. ಕಾಳು ಶಿಖರವಾಗಿ ಏರಿ, ಸುತ್ತಲೂ ಜಾರಿ ನೆಲಕ್ಕೆ ಚೆಲ್ಲಿತು. "ಹಿಂಗ ಮಗಳಿಗೆ. ಮಗಳಿಗೆ ಅಳತಿ ಇಲ್ಲ. ಅದಕ್ಕ ಆ ಪದದಾಗ ಮತ್ತ ಮತ್ತ ತುಂಬತಾಳ."

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಮೇಡಮ್ಮ ಜೇಬಿನಿಂದ ಪೆನ್ಸಿಲು ತೆಗೆದು, ಕಾರ್ಯಕ್ರಮದ ಹಾಳೆಯಲ್ಲಿ ನನ್ನ ಅನುವಾದದ ಮೇಲೆ ಒಂದು ಗೆರೆ ಎಳೆದಳು. ಗೆರೆ ಮೃದುವಾಗಿಯೇ ಇತ್ತು.

ಮುಂದಿನ ಮುಕ್ಕಾಲು ಗಂಟೆ ನನ್ನ ಜೀವಮಾನದಲ್ಲೇ ಕಂಡ ಅತ್ಯುತ್ತಮ ಕನ್ನಡ ಪಾಠ. ಆ ಮಕ್ಕಳ ನಾಲಗೆಗೆ ಳಕಾರ ಹೊರಳದು. 'ಬಲ್ಲ' ಎನ್ನುತ್ತಾರೆ, 'ಬರ್ಲ' ಎನ್ನುತ್ತಾರೆ. ಪೋಲಿಷ್ ಹುಡುಗನದು ಇನ್ನೂ ಏನೋ. ಅಕ್ಕ ಒಬ್ಬೊಬ್ಬರನ್ನೇ ಮುಂದೆ ಕರೆದು, ಬಾಯಿ ತೆರೆದು, ನಾಲಗೆಯನ್ನು ಹಿಂದಕ್ಕೆ ಮಡಿಸಿ ತೋರಿಸುತ್ತಿದ್ದಳು. ಹಲ್ಲಿಲ್ಲದ ಬಾಯಿ, ಚೆನ್ನಾಗಿ ಕಾಣುತ್ತಿತ್ತು. ಮೊದಲು ಸಾಧಿಸಿದವಳು ಮೇಡಮ್ಮ. ಅವರ ಭಾಷೆಯಲ್ಲೂ ಇಂಗ್ಲಿಷರಿಗೆ ಹೊರಳದ ಒಂದು ಲಕಾರ ಉಂಟಂತೆ. ನಾಲಗೆಯ ಮಗ್ಗುಲಿಂದ ಉಸಿರು ಬಿಟ್ಟು ಹೇಳುವುದು. ಅದನ್ನು ಹೇಳಿ ತೋರಿಸಿದಳು. ಅಕ್ಕ ಎರಡು ಸಲ ಪ್ರಯತ್ನಿಸಿ, "ಬೆಕ್ಕಿಗೆ ಸಿಟ್ಟು ಬಂದಂಗ ಅನಬೇಕೇನು?" ಎಂದು ಮೂರನೆಯ ಸಲಕ್ಕೆ ಹೇಳಿಬಿಟ್ಟಳು. ಅಂಗಳದ ಮಂದಿಯೆಲ್ಲ ಅದನ್ನೇ ಮಾಡತೊಡಗಿದರು.

ಕೊನೆಗೆ ಹಾಡಿದರು. ಎಲ್ಲರ ಳಕಾರವೂ ಸರಿಯಿತ್ತೆಂದು ಹೇಳಲಾರೆ. ಆದರೆ ಮೇಡಮ್ಮ ಹೆಣೆದ ಆ ಜಾಗದಲ್ಲಿ ನಾಲ್ಕು ದನಿಗಳೂ ಒಂದರ ಮೇಲೊಂದು ಬಳ್ಳ, ಬಳ್ಳ ಎಂದು ಏರಿದಾಗ, ನೆಲದ ಮೇಲೆ ಚೆಲ್ಲಿದ್ದ ಜೋಳ ನೋಡದವರು ಯಾರೂ ಇರಲಿಲ್ಲ. ಅಕ್ಕನೂ ಸಣ್ಣ ದನಿ ಕೂಡಿಸಿದಳು. ಅವಳದು ಐದನೆಯ ಪಂಕ್ತಿ. ಯಾವ ಕಾಗದದಲ್ಲೂ ಬರೆದಿರಲಿಲ್ಲ.

ಊಟಕ್ಕೆ ಖಡಕ್ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಮೊಸರು. ಎಳ್ಳಮಾಸಿಗೆ ಮಾಡಿದ ಶೇಂಗಾ ಹೋಳಿಗೆ ಮೊಮ್ಮಗಳಿಗೆಂದು ಎತ್ತಿಟ್ಟಿದ್ದಳು. ಹುಡುಗಿ ಅದನ್ನು ಇಪ್ಪತ್ತಾರು ಚೂರು ಮಾಡಿ ಹಂಚಿಬಿಟ್ಟಳು. ಅಕ್ಕನಿಗೆ ಅದು ಸಿಟ್ಟೋ ಸಂತೋಷವೋ ನನಗೆ ತಿಳಿಯಲಿಲ್ಲ. ಊಟದ ನಡುವೆ ಮೊಬೈಲಿನಲ್ಲಿ ಮಗಳ ಮುಖ ಬಂತು. ಅಲ್ಲಿ ಆಗ ಬೆಳಗು. "ಅವ್ವಾ, ನಾನು ಇಷ್ಟು ವರ್ಷ ತಪ್ಪು ಹಾಡಿದೆನೇನ?" ಎಂದು ಕೇಳಿದಳು. "ಹಾಡಿದಿಯಲ್ಲ" ಎಂದಳು ಅಕ್ಕ. ಆಮೇಲೆ ತಾಯಿ ಮಗಳು ಬೇರೆ ಏನೋ ಮಾತಾಡಿದರು. ನಾನು ಎದ್ದು ಅಂಗಳಕ್ಕೆ ಹೋದೆ.

ಆರು ಗಂಟೆಗೆ ಬಸ್ಸು ಹೊರಡಬೇಕಾಯಿತು. ಅಕ್ಕ ಮೊಮ್ಮಗಳ ಉಡಿ ತುಂಬಿದಳು. ಹುಡುಗಿ ಪ್ಯಾಂಟು ತೊಟ್ಟಿದ್ದರಿಂದ ಮೇಡಮ್ಮನ ಶಾಲು ಕಟ್ಟಿ ಉಡಿ ಮಾಡಬೇಕಾಯಿತು. ಜೋಳ ಚೆಲ್ಲಿದರೂ ಹುಡುಗಿ ಅಲ್ಲಾಡಲಿಲ್ಲ. ಕಣ್ಣು ಮಾತ್ರ ತುಂಬಿಕೊಂಡಿದ್ದಳು. ಬಾಯಿ ತೆರೆದು ಏನೋ ಹೇಳಹೋಗಿ, ಕನ್ನಡ ಸಾಲದೆ ನನ್ನ ಕಡೆ ನೋಡಿದಳು. ಮುಂದಿನ ವರ್ಷ ಬರುತ್ತಾಳಂತೆ, ಪರೀಕ್ಷೆ ಮುಗಿಯುತ್ತಲೇ ಬರುತ್ತಾಳಂತೆ, ಅವ್ವನನ್ನೂ ಕರೆದುಕೊಂಡು ಬರುತ್ತಾಳಂತೆ! ನನ್ನ ಬಾಯಿಯಲ್ಲಿ ಮಾತು ಸಿದ್ಧವಾಗಿಯೇ ನಿಂತಿದ್ದವು.

ಅಕ್ಕನ ಒಳ್ಳೆಯ ಕಣ್ಣು ನನ್ನ ಮೇಲಿತ್ತು.

"ಈ ಸಲ ನೀ ಏನೂ ಹೇಳಬ್ಯಾಡ, ತಮ್ಮಾ" ಎಂದಳು.

ನಾನು ಹೇಳಲಿಲ್ಲ. ಹುಡುಗಿಯೇ ಆಯಿಯ ಕಿವಿಯ ಹತ್ತಿರ ಬಾಗಿ ತನಗೆ ಬಂದಷ್ಟರಲ್ಲಿ ಏನೋ ಅಂದಳು. ಏನೆಂದು ಇಬ್ಬರೂ ನನಗೆ ಹೇಳಿಲ್ಲ. ಬಸ್ಸು ಹತ್ತುವಾಗ ಅಕ್ಕ ನನ್ನ ತೋಳು ಹಿಡಿದು, ಆ ಪದಕ್ಕೆ ಇನ್ನೂ ಹನ್ನೊಂದು ನುಡಿ ಇವೆ, ಸೋಮವಾರ ಬಾ, ವಹಿ ತೊಗೊಂಡು ಬಾ ಎಂದಳು. ಬೇಗ ಬಾ ಎಂದೂ ಅಂದಳು. ಬಸ್ಸಿನೊಳಗೆ ಹಿಂದಿನ ಸೀಟುಗಳಲ್ಲಿ ಇನ್ನೂ ಳಕಾರದ ಅಭ್ಯಾಸ ನಡೆದಿತ್ತು. ಬನ್ನಿಕೊಪ್ಪದ ರೈಲು ಹಳಿ ದಾಟುವವರೆಗೆ ನಾನು ಚಾಲುಕ್ಯರ ಸುದ್ದಿ ಎತ್ತಲಿಲ್ಲ.